ಪ್ಲಾಸ್ಮಾದ ಉಪ್ಪಿನ ನಡುವೆ ಮೆಟ್‌ಫಾರ್ಮಿನ್ ಹುಡುಕುವುದು: ಸಿಇ–ಎಂಎಸ್ ಜೋಡಣೆಯ ಕೆಲಸದ ಟಿಪ್ಪಣಿ

ಧಾರವಾಡದ ಪ್ರಯೋಗಾಲಯವೊಂದರಲ್ಲಿ ಮೊದಲಿನಿಂದ ಇದ್ದ ಟ್ರಿಪಲ್ ಕ್ವಾಡ್ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ), ಬಳಕೆಯಿಲ್ಲದೆ ಮುಚ್ಚಿಟ್ಟಿದ್ದ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಯಂತ್ರವನ್ನು (ಸಣ್ಣ ಕೊಳವೆಯಲ್ಲಿ ವೋಲ್ಟೇಜ್ ಹಾಕಿ ಅಣುಗಳನ್ನು ಬೇರ್ಪಡಿಸುವುದು) ಜೋಡಿಸಿ, ರಕ್ತದ ಪ್ಲಾಸ್ಮಾದಲ್ಲಿನ ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಔಷಧ) ಅಳೆಯುವ ಏರ್ಪಾಡು ಮಾಡಿದ ಕೆಲಸದ ಟಿಪ್ಪಣಿ ಇದು. ಇನ್ನು ಮುಂದೆ ಈ ಜೋಡಿಯನ್ನು ಸಿಇ–ಎಂಎಸ್ ಎನ್ನೋಣ. ಅಳತೆ, ಒತ್ತಡ, ವೋಲ್ಟೇಜ್ ಎಲ್ಲವನ್ನೂ ಬರೆದಿದೆ. ಎಲ್ಲಿ ಕೈಕೊಟ್ಟಿತು, ಯಾಕೆ ಕೈಕೊಟ್ಟಿತು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಮೆಟ್‌ಫಾರ್ಮಿನ್ ಯಾಕೆ? ಅದು ಸಣ್ಣ ಅಣು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬಲವಾದ ಕ್ಷಾರ. ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯ (ಎಲ್‌ಸಿ) ಸಾಮಾನ್ಯ ಸಿ18 ಕಾಲಮ್ಮಿಗೆ ಅದನ್ನು ಹಿಡಿದಿಡಲು ಆಗುವುದಿಲ್ಲ. ದ್ರಾವಕದ ಜೊತೆಗೇ, ಪ್ಲಾಸ್ಮಾದ ಉಪ್ಪಿನ ಜೊತೆಗೇ ಹೊರಗೆ ಹರಿದುಬಿಡುತ್ತದೆ. ಸಿಇಯಲ್ಲಿ ಅಣುವನ್ನು ಸಾಗಿಸುವುದು ಅದರ ವಿದ್ಯುದಂಶವೇ ಆದ್ದರಿಂದ, ಕಾಲಮ್ಮಿನಲ್ಲಿ ತೊಡಕಾಗಿದ್ದ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಎರಡು ಯಂತ್ರಗಳ ಜೋಡಣೆ ಹೊಸದೇನಲ್ಲ. ಅಮೆರಿಕದ ರಿಚರ್ಡ್ ಸ್ಮಿತ್ ಅವರ ತಂಡ 1987ರಲ್ಲೇ ಇದನ್ನು ಮಾಡಿ ತೋರಿಸಿತ್ತು.

ಕೆಲಸ ಶುರುಮಾಡುವ ಮುಂಚೆ ಒಂದು ಲೆಕ್ಕ ಹಾಕಿಡುವುದು ಒಳ್ಳೆಯದು. 500 ಮಿಲಿಗ್ರಾಂ ಗುಳಿಗೆ ನುಂಗಿದ ಮೇಲೆ ಪ್ಲಾಸ್ಮಾದಲ್ಲಿ ಮೆಟ್‌ಫಾರ್ಮಿನ್ ಏರುವುದು ಮಿಲಿಲೀಟರಿಗೆ ಸುಮಾರು 1 ಮೈಕ್ರೋಗ್ರಾಂ, ಅಂದರೆ 7.7 ಮೈಕ್ರೋಮೋಲಾರ್. ಅದೇ ಪ್ಲಾಸ್ಮಾದಲ್ಲಿ ಸೋಡಿಯಂ 140 ಮಿಲಿಮೋಲಾರ್. ಔಷಧದ ಒಂದು ಅಣುವಿಗೆ ಸೋಡಿಯಂ ಅಯಾನು ಸುಮಾರು 18,000. ಕೊಳವೆಯ ದ್ರವ ಎಂಎಸ್ ಕಡೆಗೆ ಚಿಮ್ಮುವ ಸ್ಪ್ರೇ ತುದಿಗೆ ಇವೆರಡೂ ಒಟ್ಟಿಗೆ ಬಂದರೆ ಔಷಧದ ಸಿಗ್ನಲ್ ಮುಳುಗಿಹೋಗುತ್ತದೆ. ಮುಂದಿನ ಕೆಲಸವೆಲ್ಲ ಇದೊಂದನ್ನು ತಪ್ಪಿಸುವುದಕ್ಕಾಗಿಯೇ ನಡೆದದ್ದು.

ಮೇಜು, ಎತ್ತರ, ಅರ್ಥಿಂಗ್

ಸಿಇ ಯಂತ್ರದ ಒಳಬಾಯಿಯ ಬಾಟಲಿಯ ದ್ರವಮಟ್ಟವೂ ಎಂಎಸ್ ಸ್ಪ್ರೇ ತುದಿಯೂ ಒಂದೇ ಎತ್ತರದಲ್ಲಿರಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 80 ಸೆಂ.ಮೀ. ಉದ್ದ, 50 ಮೈಕ್ರಾನ್ ಒಳವ್ಯಾಸದ ಕೊಳವೆಯಲ್ಲಿ 10 ಸೆಂ.ಮೀ. ಎತ್ತರ ತಪ್ಪಿದರೆ ಅದು ಸುಮಾರು 10 ಮಿಲಿಬಾರ್ ಒತ್ತಡಕ್ಕೆ ಸಮ. ಅಷ್ಟಕ್ಕೇ ದ್ರವ ನಿಮಿಷಕ್ಕೆ ಸುಮಾರು 6 ಮಿ.ಮೀ. ಜಾರುತ್ತದೆ, ಪೀಕ್‌ಗಳು (ಸಿಗ್ನಲ್ ಏಳುವ ಮೊನೆಗಳು) ದಿನಕ್ಕೊಂದು ಸಮಯಕ್ಕೆ ಬರುತ್ತವೆ.

ಮೇಜನ್ನು ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕಬ್ಬಿಣದ ಚೌಕ ಪೈಪಿನಿಂದ ಮಾಡಿಸಿ, ನಾಲ್ಕೂ ಕಾಲಿಗೆ ತಿರುಪಿನ ಬುಡ ಹಾಕಿಸಿದ್ದಾಯಿತು. ಮಟ್ಟ ಹಿಡಿಯಲು ಲೇಸರ್ ಬೇಕಾಗಲಿಲ್ಲ. ಗೋಡೆ ಕಟ್ಟುವಾಗ ಗೌಂಡಿಗಳು ಹಿಡಿಯುವ ನೀರು ತುಂಬಿದ ಲೆವೆಲ್ ಪೈಪ್ ಇದಕ್ಕೆ ಧಾರಾಳ ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು, ಅಷ್ಟೇ.

ಎಂಎಸ್‌ನ ರಫಿಂಗ್ ಪಂಪನ್ನು (ಗಾಳಿ ಹೀರಿ ನಿರ್ವಾತ ಮಾಡುವುದು) ಈ ಮೇಜಿಗೆ ತಾಗದಂತೆ ನೆಲದ ಮೇಲೆ ರಬ್ಬರ್ ಹಾಳೆ ಹಾಸಿ ಇಡಬೇಕು. ಪಂಪಿನ ನಡುಕ ಕೊಳವೆಯ ತುದಿಗೆ ಮುಟ್ಟಿದರೆ ಸ್ಪ್ರೇ ಮಿಡಿಯುತ್ತದೆ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಸಿಇಯಲ್ಲಿ ಸಾಮಾನ್ಯವಾಗಿ ಕೊಳವೆಯ ಎರಡೂ ತುದಿಗಳು ಬಫರ್ ಬಾಟಲಿಯಲ್ಲಿ ಇರುತ್ತವೆ. ಇಲ್ಲಿ ಹೊರತುದಿಗೆ ಬಾಟಲಿ ಇಲ್ಲ. ಸರ್ಕ್ಯೂಟ್ ಪೂರ್ತಿಯಾಗುವುದು ಸ್ಪ್ರೇ ಸೂಜಿಯ ಮೂಲಕ. ಈ ಯಂತ್ರದಲ್ಲಿ ಸೂಜಿ ನೆಲಕ್ಕೆ ಜೋಡಿಸಿದ್ದು, 4,000 ವೋಲ್ಟ್ ಇರುವುದು ಎಂಎಸ್‌ನ ಒಳದ್ವಾರದ ಮೇಲೆ. ಇದು ಅನುಕೂಲ. ಸೂಜಿಯ ಮೇಲೇ ಹೈ ವೋಲ್ಟೇಜ್ ಇರುವ ಯಂತ್ರವಾದರೆ, ಸಿಇಯ 30 ಕಿಲೋವೋಲ್ಟಿನಿಂದ ಅಷ್ಟನ್ನು ಕಳೆದು ಉಳಿದದ್ದೇ ಕೊಳವೆಯ ನಿಜವಾದ ವೋಲ್ಟೇಜ್. ಸಿಇಯ ಕರೆಂಟ್ ಎಂಎಸ್‌ನ ಪವರ್ ಸಪ್ಲೈಗೆ ಹಿಂದಿರುಗಿ ನುಗ್ಗದಂತೆಯೂ ನೋಡಿಕೊಳ್ಳಬೇಕು. ಎರಡೂ ಯಂತ್ರಗಳ ಚಾಸಿಯನ್ನು ದಪ್ಪ ತಾಮ್ರದ ಹೆಣಿಗೆ ತಂತಿಯಿಂದ ಒಂದಕ್ಕೊಂದು ಬಿಗಿಯದೆ ವೋಲ್ಟೇಜ್ ಹಾಕಲೇಬಾರದು.

ಅರ್ಥಿಂಗ್ ಗುಂಡಿ ಎರೆ ನೆಲದಲ್ಲಿದ್ದರೆ ಬೇಸಿಗೆಯಲ್ಲಿ ಮಣ್ಣು ಬಿರಿದು ಪ್ಲೇಟಿನಿಂದ ದೂರ ಸರಿಯುತ್ತದೆ. ಹುಬ್ಬಳ್ಳಿ, ನವಲಗುಂದದ ಕಡೆಯವರಿಗೆ ಇದು ಗೊತ್ತಿದ್ದದ್ದೇ. ಮಾರ್ಚ್‌ನಿಂದ ಗುಂಡಿಗೆ ನೀರು ಹಾಕುತ್ತ, ನ್ಯೂಟ್ರಲ್–ಅರ್ಥ್ ನಡುವೆ 2 ವೋಲ್ಟಿಗಿಂತ ಕಡಿಮೆ ಇದೆಯೇ ಎಂದು ಮೀಟರ್ ಹಿಡಿದು ನೋಡಬೇಕು.

ಕೊಳವೆಯ ತುದಿ

ಕೊಳವೆ ಫ್ಯೂಸ್ಡ್ ಸಿಲಿಕಾ. ಹೊರವ್ಯಾಸ 360 ಮೈಕ್ರಾನ್, ಒಳವ್ಯಾಸ 50, ಮೇಲೆ ಪಾಲಿಇಮೈಡ್ ಲೇಪ. ಉದ್ದ 80 ಸೆಂ.ಮೀ. ಒಳಗೆ ಹಿಡಿಯುವ ದ್ರವ 1.57 ಮೈಕ್ರೋಲೀಟರ್.

ಸೆರಾಮಿಕ್ ಕಟರ್‌ನಿಂದ ಲೇಪದ ಮೇಲೆ ಒಂದೇ ಒಂದು ಗೀರು ಹಾಕಿ, ಬಗ್ಗಿಸದೆ ನೇರವಾಗಿ ಎಳೆದು ಮುರಿಯಬೇಕು. ಒತ್ತಿ ಕತ್ತರಿಸಿದರೆ ಅಂಚು ಚಕ್ಕೆ ಏಳುತ್ತದೆ. ಪತ್ತಾರರು ಕಣ್ಣಿಗೆ ಹಾಕಿಕೊಳ್ಳುವ 10 ಪಟ್ಟಿನ ಲೂಪಿನಲ್ಲಿ ನೋಡಿ. ತುದಿ ಬಳೆ ಕೊಯ್ದಂತೆ ಚೊಕ್ಕವಾಗಿರಬೇಕು. ಒಂದು ಬದಿ ಓರೆಯಾದರೂ ಸ್ಪ್ರೇ ಆ ಕಡೆ ವಾಲುತ್ತದೆ. ಹಾಗಿದ್ದರೆ ಮತ್ತೊಮ್ಮೆ ಕತ್ತರಿಸುವುದೇ ಸರಿ. ಒಂದು ಸೆಂಟಿಮೀಟರ್ ಕೊಳವೆ ಉಳಿಸಲು ಹೋಗಿ ಒಂದು ವಾರದ ಡೇಟಾ ಕಳೆದುಕೊಳ್ಳುವುದು ಬೇಡ.

ಎರಡೂ ತುದಿಗಳಲ್ಲಿ 2–3 ಮಿ.ಮೀ. ಲೇಪವನ್ನು ಲೈಟರ್ ಜ್ವಾಲೆಯಲ್ಲಿ ಸುಟ್ಟು, ಮೆಥನಾಲ್ ಅದ್ದಿದ ಟಿಶ್ಯೂನಿಂದ ಒರೆಸಬೇಕು. ಅಸಿಟೊನೈಟ್ರೈಲ್ ತಾಗಿದಾಗ ಪಾಲಿಇಮೈಡ್ ಉಬ್ಬಿ, ತುದಿಯ ಸುತ್ತ ಮೇಲುಗಡೆ ಕೊರಳಪಟ್ಟಿಯಂತೆ ನಿಲ್ಲುತ್ತದೆ. ಒಳಬಾಯಿಯಲ್ಲಿ ಹೀಗಾದರೆ ಹಿಂದಿನ ಸ್ಯಾಂಪಲ್ಲು ಅಲ್ಲಿ ಅಂಟಿ ಮುಂದಿನದಕ್ಕೆ ಸೇರುತ್ತದೆ. ಹೊರಬಾಯಿಯಲ್ಲಾದರೆ ಪೀಕಿಗೆ ಬಾಲ ಬರುತ್ತದೆ. ಲೇಪ ಸುಟ್ಟ ಗಾಜು ಪಟ್ಟನೆ ಮುರಿಯುವುದರಿಂದ ಸ್ಪ್ರೇ ಸೂಜಿಯೊಳಗೆ ತೂರಿಸುವಾಗ ಎರಡು ಕೈಯೂ ಮೇಜಿಗೆ ಊರಿರಲಿ.

ಕೊಳವೆ ಸೂಜಿಯಿಂದ ಹೊರಗೆ ಚಾಚಬೇಕಾದದ್ದು ಸುಮಾರು 0.1 ಮಿ.ಮೀ. ಒಳಗೇ ಉಳಿದರೆ ಔಷಧ ಹೊದಿಕೆ ದ್ರವದಲ್ಲಿ (ಸೂಜಿಯೊಳಗೆ ಕೊಳವೆಯ ಸುತ್ತ ಹರಿಯುವುದು) ಕಲಸಿ ಪೀಕ್ ಅಗಲವಾಗುತ್ತದೆ. ಹೆಚ್ಚು ಚಾಚಿದರೆ ದ್ರವ ತುದಿಯನ್ನು ಸುತ್ತುವರಿಯದೆ ಕರೆಂಟ್ ತಪ್ಪುತ್ತದೆ.

ಹೊದಿಕೆ ದ್ರವ

ಹೊದಿಕೆ ದ್ರವ, ಅಂದರೆ ಶೀತ್ ಲಿಕ್ವಿಡ್: ಮೆಥನಾಲ್ ಮತ್ತು ನೀರು ಸಮಪಾಲು, ಅದಕ್ಕೆ 0.1% ಫಾರ್ಮಿಕ್ ಆಮ್ಲ. ಹರಿವು ನಿಮಿಷಕ್ಕೆ 4 ಮೈಕ್ರೋಲೀಟರ್. ಐಸೊಪ್ರೊಪನಾಲ್ ಕೂಡ ನಡೆಯುತ್ತದೆ, ಆದರೆ ನೀರಿನ ಜೊತೆ ಸೇರಿದಾಗ ಮಂದವಾಗಿ, ಸಿರಿಂಜ್ ಪಂಪಿನ ಪ್ರತಿ ಹೆಜ್ಜೆಯೂ ಬೇಸ್‌ಲೈನಿನಲ್ಲಿ ಅಲೆಯಾಗಿ ಕಾಣಿಸಿತು. 2.5 ಮಿಲಿಲೀಟರ್ ಗಾಜಿನ ಸಿರಿಂಜ್ ಎಂಟು ತಾಸಿನ ಕೆಲಸಕ್ಕೆ ಸರಿಹೋಗುತ್ತದೆ, ಖರ್ಚು 1.92 ಮಿಲಿಲೀಟರ್. ಅದಕ್ಕಿಂತ ದಪ್ಪ ಸಿರಿಂಜಿನಲ್ಲಿ ಪಂಪಿನ ಒಂದೊಂದು ಹೆಜ್ಜೆಗೂ ಹೆಚ್ಚು ದ್ರವ ನೂಕಲ್ಪಟ್ಟು ಸ್ಪ್ರೇ ಮಿಡಿಯುತ್ತದೆ. ತುಂಬುವ ಮುಂಚೆ 10 ನಿಮಿಷ ಅಲ್ಟ್ರಾಸಾನಿಕ್ ಬಾತ್‌ನಲ್ಲಿಟ್ಟು ಗಾಳಿ ತೆಗೆಯಿರಿ.

ಕೊಳವೆಯಿಂದ ಬರುವ ಹರಿವು ನಿಮಿಷಕ್ಕೆ 60 ನ್ಯಾನೋಲೀಟರ್ ಎಂದು ಹಿಡಿದರೆ, ಔಷಧ ತುದಿಯಲ್ಲಿ 60 ಪಟ್ಟಿಗೂ ಹೆಚ್ಚು ತೆಳುವಾಗುತ್ತದೆ. ಈ ಜೋಡಣೆಗೆ ತೆರಬೇಕಾದ ಬೆಲೆ ಅದು. ಕಳೆದದ್ದನ್ನು ಇಂಜೆಕ್ಷನ್ನಿನಲ್ಲಿ ಗಳಿಸಿಕೊಳ್ಳಬೇಕು. ಅದು ಮುಂದೆ ಬರುತ್ತದೆ.

ಎಂಎಸ್ ಸೆಟ್ಟಿಂಗ್: ನೆಬ್ಯುಲೈಸರ್ (ತುದಿಯ ದ್ರವವನ್ನು ಸಿಂಪಡಿಸುವ ಗ್ಯಾಸ್) 8 ಪಿಎಸ್ಐ, ಡ್ರೈಯಿಂಗ್ ಗ್ಯಾಸ್ 250 °ಸೆ. ಎಲ್‌ಸಿಯಲ್ಲಿ ಇಡುವಷ್ಟು ನೆಬ್ಯುಲೈಸರ್ ಒತ್ತಡ ಇಲ್ಲಿ ಬೇಡವೇ ಬೇಡ. ತುದಿಯಲ್ಲಿ ಬೀಸುವ ಗಾಳಿ ಕೊಳವೆಯನ್ನು ಹೀರುತ್ತದೆ. ಮೆಟ್‌ಫಾರ್ಮಿನ್ ಎಂಆರ್‌ಎಂ (ಅಯಾನಿನ ದ್ರವ್ಯರಾಶಿ → ಅದು ಒಡೆದ ಚೂರಿನದು) 130 → 71, ಖಾತ್ರಿಗೆ 130 → 60. ಆಂತರಿಕ ಮಾನಕ (ಹೋಲಿಕೆಗೆಂದು ಗೊತ್ತಾದ ಪ್ರಮಾಣದಲ್ಲಿ ಸೇರಿಸುವುದು) ಮೆಟ್‌ಫಾರ್ಮಿನ್-ಡಿ6, 136 → 77. ಇವುಗಳ ಜೊತೆಗೆ 91ರಲ್ಲಿ ಒಂದು ಸಿಮ್ ಚಾನೆಲ್ (ಒಂದೇ ದ್ರವ್ಯರಾಶಿಯನ್ನು ನೋಡುವುದು) ತೆರೆದಿಡಿ. ಅದು ಸೋಡಿಯಂ ಫಾರ್ಮೇಟ್ ಗುಚ್ಛದ ದ್ರವ್ಯರಾಶಿ, ಸೋಡಿಯಂ ತುದಿಗೆ ಯಾವಾಗ ತಲುಪಿತು ಎಂಬುದನ್ನು ನೇರವಾಗಿ ತೋರಿಸುತ್ತದೆ. ಪ್ರತಿ ಚಾನೆಲ್‌ಗೆ 80 ಮಿಲಿಸೆಕೆಂಡ್ ಕೊಟ್ಟರೆ 6 ಸೆಕೆಂಡಿನ ಪೀಕಿನ ಮೇಲೂ 15ಕ್ಕಿಂತ ಹೆಚ್ಚು ಬಿಂದುಗಳು ಸಿಗುತ್ತವೆ.

ಮೊದಲ ಬಫರ್ ಕೈಕೊಟ್ಟದ್ದು

ಫಾಸ್ಫೇಟ್, ಬೋರೇಟ್ ಬಫರುಗಳಿಗೆ ಇಲ್ಲಿ ಜಾಗವಿಲ್ಲ. ಆವಿಯಾಗದ ಉಪ್ಪು ಎಂಎಸ್‌ನ ಬಾಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಎಲ್ಲರೂ ಮೊದಲು ಹಿಡಿಯುವ 1 ಮೋಲಾರ್ ಫಾರ್ಮಿಕ್ ಆಮ್ಲದಿಂದಲೇ ಶುರು: 98% ಆಮ್ಲ 3.85 ಮಿಲಿಲೀಟರ್, ನೀರು ಸೇರಿಸಿ 100 ಮಿಲಿಲೀಟರ್. ಪಿಎಚ್ ಸುಮಾರು 1.9. 25 ಕಿಲೋವೋಲ್ಟಿಗೆ ಲೆಕ್ಕದ ಪ್ರಕಾರ 33 ಮೈಕ್ರೋಆಂಪಿಯರ್ ಬರಬೇಕು. ಅದರ ಅಕ್ಕಪಕ್ಕ ಬಂದರೆ ಕೊಳವೆ ತುಂಬಿದೆ, ತುದಿ ಒದ್ದೆಯಾಗಿದೆ, ಸರ್ಕ್ಯೂಟ್ ಸರಿಯಿದೆ ಎಂದರ್ಥ.

ನೀರಿನಲ್ಲಿ ಕರಗಿಸಿದ ಮೆಟ್‌ಫಾರ್ಮಿನ್ ಚಂದದ ಪೀಕ್ ಕೊಟ್ಟಿತು. ಅದೇ ಪ್ರಮಾಣ ಪ್ಲಾಸ್ಮಾದಲ್ಲಿ ಹಾಕಿದಾಗ ಪೀಕ್ ಕುಸಿದು ಭುಜ ಒಡೆಯಿತು. ಪ್ರೋಟೀನ್ ಸರಿಯಾಗಿ ಹೋಗಿಲ್ಲ ಎಂಬ ಅನುಮಾನ ಇಂಥಲ್ಲಿ ಮೊದಲು ಬರುತ್ತದೆ. ಸೆಂಟ್ರಿಫ್ಯೂಜ್ ಹೆಚ್ಚಿಸಿದರೂ ಏನೂ ಬದಲಾಗಲಿಲ್ಲ. 91ರ ಚಾನೆಲ್ ತೆರೆದು ನೋಡಿದಾಗ ಸೋಡಿಯಂನ ದಿಬ್ಬ ಔಷಧದ ಪೀಕಿನ ಮೇಲೆಯೇ ಕೂತಿತ್ತು.

ಕಾರಣ ಔಷಧದ ರಸಾಯನದಲ್ಲೇ ಇದೆ. ಮೆಟ್‌ಫಾರ್ಮಿನ್‌ಗೆ ಎರಡು ಪಿಕೆಎ (ಅರ್ಧದಷ್ಟು ಅಣುಗಳು ಒಂದು ಧನಾಂಶ ಬಿಡುವ ಪಿಎಚ್), ಕೆಳಗಿನದು 2.8. ಪಿಎಚ್ 1.9ರಲ್ಲಿ ಹೆಚ್ಚಿನ ಅಣುಗಳು ಎರಡು ಧನಾಂಶ ಹೊತ್ತು ಓಡುತ್ತವೆ, ಸೋಡಿಯಂನ ವೇಗಕ್ಕೆ ಸಮೀಪ ಬಂದುಬಿಡುತ್ತವೆ. ಪಿಎಚ್ 4ಕ್ಕೆ ಏರಿಸಿದರೆ ಎರಡನೇ ಧನಾಂಶ ಉಳಿಯುವುದು ನೂರಕ್ಕೆ ಆರು ಅಣುಗಳಲ್ಲಿ ಮಾತ್ರ. ಆಗ ಔಷಧ ನಿಧಾನವಾಗುತ್ತದೆ, ಸೋಡಿಯಂ ಮುಂದೆ ಹೋಗುತ್ತದೆ.

ಹೊಸ ಬಫರ್: 50 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್. 100 ಮಿಲಿಲೀಟರಿಗೆ 0.315 ಗ್ರಾಂ, ಫಾರ್ಮಿಕ್ ಆಮ್ಲ ಸುಮಾರು 0.1 ಮಿಲಿಲೀಟರನ್ನು ಹನಿಹನಿಯಾಗಿ ಸೇರಿಸಿ ಪಿಎಚ್ 4.0. ನೀರು 18.2 ಮೆಗಾಓಂ. ಬಫರನ್ನು ಪಾಲಿಪ್ರೊಪಿಲೀನ್ ಬಾಟಲಿಯಲ್ಲೇ ಇಡಬೇಕು, ಗಾಜಿನಿಂದ ಸೋಡಿಯಂ ಬಿಡುತ್ತದೆ. ಪಿಎಚ್ ಎಲೆಕ್ಟ್ರೋಡನ್ನು ಬಾಟಲಿಗೆ ಅದ್ದಬೇಡಿ, ಅದರೊಳಗಿನ ಪೊಟ್ಯಾಸಿಯಂ ಕ್ಲೋರೈಡ್ ಸೋರುತ್ತದೆ. ಸ್ವಲ್ಪ ಬೇರೆ ತೆಗೆದು ಅಳೆದು, ಅಳೆದದ್ದನ್ನು ಚೆಲ್ಲಿಬಿಡಿ.

ಪಿಎಚ್ 4ರಲ್ಲಿ ಒಂದು ತೊಡಕಿದೆ. ಸಿಲಿಕಾ ಗೋಡೆ ಅರೆಬರೆ ವಿದ್ಯುದಂಶ ಪಡೆಯುವ ಜಾಗ ಅದು. ಎಲೆಕ್ಟ್ರೋಆಸ್ಮಾಟಿಕ್ ಹರಿವು, ಅಂದರೆ ಗೋಡೆಯ ವಿದ್ಯುದಂಶದಿಂದ ಇಡೀ ದ್ರವ ಸಾಗುವುದು, ಹಿಂದಿನ ತೊಳೆತ ಹೇಗಿತ್ತು ಎಂಬುದರ ಮೇಲೆ ಹೊಯ್ದಾಡುತ್ತದೆ. ಮದ್ದು ಒಂದೇ, ಪ್ರತಿ ರನ್ನಿಗೂ ಒಂದೇ ತೊಳೆತ, ಒಂದು ಸೆಕೆಂಡೂ ಬದಲಾಗದಂತೆ. 950 ಮಿಲಿಬಾರ್ ಒತ್ತಡದಲ್ಲಿ 1 ಮೋಲಾರ್ ಫಾರ್ಮಿಕ್ ಆಮ್ಲ 2 ನಿಮಿಷ, ನೀರು 2 ನಿಮಿಷ, ಬಫರ್ 3 ನಿಮಿಷ. ಈ ಒತ್ತಡದಲ್ಲಿ ಕೊಳವೆ ಒಮ್ಮೆ ತುಂಬಲು ಸುಮಾರು 86 ಸೆಕೆಂಡ್ ಬೇಕು, ಆದ್ದರಿಂದ ಇದಕ್ಕಿಂತ ಕಡಿಮೆ ಮಾಡುವಂತಿಲ್ಲ. ಹೊಸ ಕೊಳವೆಗೆ ಕೊಡುವ ಸೋಡಿಯಂ ಹೈಡ್ರಾಕ್ಸೈಡ್ ತೊಳೆತ, ಅಂದರೆ 1 ಮೋಲಾರ್ 20 ನಿಮಿಷ, ಕಡ್ಡಾಯವಾಗಿ ಸ್ಪ್ರೇ ಸೂಜಿಯಿಂದ ಹೊರಗೆ ತೆಗೆದೇ ಆಗಬೇಕು. ಓಡಿಸಲು ಹೊರಟ ಸೋಡಿಯಂನ್ನೇ ಎಂಎಸ್ ಬಾಯಿಗೆ ಸುರಿದಂತೆ ಆಗಬಾರದಲ್ಲ!

ಬಫರ್ ಸರಿಯಾಯಿತೋ ಇಲ್ಲವೋ ನೋಡಲು ಈ ಜೋಡಣೆಯಲ್ಲಿ ಒಂದು ಸೊಗಸಾದ ದಾರಿ ಇದೆ. ಹೊದಿಕೆ ದ್ರವದಲ್ಲೇ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಮೆಟ್‌ಫಾರ್ಮಿನ್ ಬೆರೆಸಿ, ಖಾಲಿ ಪ್ಲಾಸ್ಮಾದ ಸಾರವನ್ನು ಇಂಜೆಕ್ಟ್ ಮಾಡಿ, 130 → 71ರ ಗೆರೆ ನೋಡುತ್ತ ಕೂರಿ. ಗೆರೆ ಎಲ್ಲಿ ತಗ್ಗುತ್ತದೋ ಅಲ್ಲಿ ಸಿಗ್ನಲ್ ತುಳಿಯಲ್ಪಡುತ್ತಿದೆ. ಪಿಎಚ್ 4ರಲ್ಲಿ ತಗ್ಗು 91ರ ದಿಬ್ಬದ ಕೆಳಗೆ ಬಂತು, ಔಷಧ ಬರುವ ಹೊತ್ತಿಗೆ ಗೆರೆ ಮೇಲೆದ್ದು ಸಮವಾಗಿತ್ತು. ಈ ಪರೀಕ್ಷೆಗೆ ಬೇರೆ ಸಿರಿಂಜ್, ಬೇರೆ ಪ್ಲಾಸ್ಟಿಕ್ (PEEK) ಟ್ಯೂಬಿಂಗ್ ಇಟ್ಟುಕೊಳ್ಳಿ. ಅದೇ ಟ್ಯೂಬಿನಲ್ಲಿ ಮುಂದೆ ಕೆಲಸ ಮಾಡಿದರೆ ಖಾಲಿ ಪ್ಲಾಸ್ಮಾದಲ್ಲೂ ಮೆಟ್‌ಫಾರ್ಮಿನ್ ಕಾಣಿಸುತ್ತಲೇ ಇರುತ್ತದೆ.

ಸ್ಯಾಂಪಲ್

ರಕ್ತ ತೆಗೆಯುವ ಟ್ಯೂಬು ನೇರಳೆ ಮುಚ್ಚಳದ ಇಡಿಟಿಎ. ಲಿಥಿಯಂ ಹೆಪಾರಿನ್ ಬೇಡ: ಲಿಥಿಯಂ ಅಯಾನು ಸೋಡಿಯಂಗಿಂತ ನಿಧಾನ, ಔಷಧದ ವಲಯಕ್ಕೆ ಹತ್ತಿರ ಬರುತ್ತದೆ. ಪ್ಲಾಸ್ಮಾವನ್ನು ಬೇಗ ಬೇರ್ಪಡಿಸಿ. ಮೆಟ್‌ಫಾರ್ಮಿನ್ ಕೆಂಪು ಕಣಗಳೊಳಗೂ ಸೇರಿಕೊಳ್ಳುತ್ತದೆ, ಕಣ ಒಡೆದ ಸ್ಯಾಂಪಲ್ಲಿನ ಅಂಕಿ ನಂಬುವಂತಿಲ್ಲ. ಖಾಲಿ ಪ್ಲಾಸ್ಮಾಕ್ಕಾಗಿ ಬ್ಲಡ್ ಬ್ಯಾಂಕಿನ ಅವಧಿ ಮೀರಿದ ಚೀಲ ಸುಲಭಕ್ಕೆ ಸಿಗಬಹುದು, ಆದರೆ ಅದರಲ್ಲಿ ಸೋಡಿಯಂ ಸಿಟ್ರೇಟ್ ಇರುತ್ತದೆ. ಆ ಉಪ್ಪಿನ ಮೇಲೆ ಕಟ್ಟಿದ ಕ್ಯಾಲಿಬ್ರೇಶನ್ ಇಡಿಟಿಎ ಪ್ಲಾಸ್ಮಾಕ್ಕೆ ಹೊಂದುವುದಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳದ ದಾನಿಗಳಿಂದಲೇ ಪಡೆಯಬೇಕು.

100 ಮೈಕ್ರೋಲೀಟರ್ ಪ್ಲಾಸ್ಮಾ, 10 ಮೈಕ್ರೋಲೀಟರ್ ಡಿ6 ದ್ರಾವಣ (ಮಿಲಿಲೀಟರಿಗೆ 10 ಮೈಕ್ರೋಗ್ರಾಂ), 200 ಮೈಕ್ರೋಲೀಟರ್ ತಣ್ಣನೆಯ ಅಸಿಟೊನೈಟ್ರೈಲ್. ಒಂದು ನಿಮಿಷ ವೋರ್ಟೆಕ್ಸ್, 12,000 ಜಿಯಲ್ಲಿ 4 °ಸೆ., 10 ನಿಮಿಷ. ಮೇಲಿನ ತಿಳಿಯನ್ನು ನೇರವಾಗಿ 200 ಮೈಕ್ರೋಲೀಟರಿನ ಪ್ಲಾಸ್ಟಿಕ್ ಇನ್ಸರ್ಟಿಗೆ. ಒಣಗಿಸಿ ಮತ್ತೆ ಕರಗಿಸುವ ಹಂತ ಇಲ್ಲ, ಬೇಕಂತಲೇ ಬಿಟ್ಟದ್ದು. ಅಸಿಟೊನೈಟ್ರೈಲ್ ಪ್ರೋಟೀನನ್ನು ಕೆಡವುವುದಲ್ಲದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ಯಾಂಪಲ್ಲಿನ ಸೋಡಿಯಂ ಮುಂದೆ ಓಡುತ್ತದೆ, ಹಿಂದೆ ವಿದ್ಯುತ್ ಹೆಚ್ಚು ಹರಿಯದ ಅಸಿಟೊನೈಟ್ರೈಲ್ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಲ್ಲಿ ಎಳೆತ ಜೋರು. ನಡುವೆ ಸಿಕ್ಕ ಔಷಧ ತೆಳ್ಳನೆಯ ಗೆರೆಯಾಗಿ ಒತ್ತಿಕೊಳ್ಳುತ್ತದೆ. ಅಷ್ಟು ಹೊತ್ತು ಶತ್ರುವಾಗಿದ್ದ ಸೋಡಿಯಂ ಇಲ್ಲಿ ದುಡಿಯುತ್ತದೆ, ಔಷಧಕ್ಕಿಂತ ಮುಂದೆ ಇರುವವರೆಗೆ ಮಾತ್ರ.

ಹೀಗೆ ಒತ್ತಿಕೊಳ್ಳುವುದರಿಂದಲೇ ಇಂಜೆಕ್ಷನ್ ದೊಡ್ಡದು ಮಾಡಬಹುದು. 50 ಮಿಲಿಬಾರ್ × 10 ಸೆಕೆಂಡ್ ಅಂದರೆ ಸುಮಾರು 10 ನ್ಯಾನೋಲೀಟರ್. ಇಲ್ಲಿ 60 ಸೆಕೆಂಡ್ ಇಟ್ಟು 58 ನ್ಯಾನೋಲೀಟರ್ ತುಂಬಿದೆ, ಕೊಳವೆಯ ಶೇ. 3.7. ಕ್ರಮ ಹೀಗೆ: ನೆಬ್ಯುಲೈಸರ್ ಗ್ಯಾಸ್ ಬಂದ್, ಸ್ಯಾಂಪಲ್ 60 ಸೆಕೆಂಡ್, ಒಳತುದಿಯನ್ನು ಎರಡು ನೀರಿನ ಬಾಟಲಿಗಳಲ್ಲಿ ಅದ್ದಿ ತೆಗೆಯುವುದು, ಬಫರ್ 50 ಮಿಲಿಬಾರಿಗೆ 5 ಸೆಕೆಂಡ್, ವೋಲ್ಟೇಜನ್ನು 30 ಸೆಕೆಂಡಿನಲ್ಲಿ 25 ಕಿಲೋವೋಲ್ಟಿಗೆ ಏರಿಸುವುದು, ಆಮೇಲೆ ಗ್ಯಾಸ್ ಚಾಲು. ಗ್ಯಾಸ್ ಚಾಲೂ ಇಟ್ಟು ಇಂಜೆಕ್ಟ್ ಮಾಡಿದರೆ ತುದಿಯ ಹೀರಿಕೆಯಿಂದ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಬಾಟಲಿ ಬದಲಾಗುವ ಹೊತ್ತಿನಲ್ಲಿ ಗಾಳಿಯೂ ನುಗ್ಗುತ್ತದೆ.

ಏಪ್ರಿಲ್ ಝಳಕ್ಕೆ ಇನ್ಸರ್ಟಿನಿಂದ ಅಸಿಟೊನೈಟ್ರೈಲ್ ಹಾರಿಹೋಗುತ್ತದೆ. ಬೆಳಗಿನ ಪೀಕ್ ಚೂಪು, ಮಧ್ಯಾಹ್ನದ ಪೀಕ್ ಅಗಲ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಮುಚ್ಚಳ. ಟ್ರೇ 8 °ಸೆ.ನಲ್ಲಿರಲಿ, ಒಂದು ಇನ್ಸರ್ಟಿನಿಂದ ಎರಡಕ್ಕಿಂತ ಹೆಚ್ಚು ಇಂಜೆಕ್ಷನ್ ಬೇಡ.

ಕ್ಯಾಲಿಬ್ರೇಶನ್

ಮಾರುಕಟ್ಟೆಯಲ್ಲಿ ಸಿಗುವುದು ಹೈಡ್ರೋಕ್ಲೋರೈಡ್. 10 ಮಿಲಿಗ್ರಾಂ ಮೆಟ್‌ಫಾರ್ಮಿನ್ ಬೇಕಾದರೆ 12.82 ಮಿಲಿಗ್ರಾಂ ತೂಗಬೇಕು. ಇದನ್ನು ಮರೆತರೆ ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ, ಗೆರೆ ಮಾತ್ರ ನೆಟ್ಟಗೇ ಇರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. 190 ಮೈಕ್ರೋಲೀಟರ್ ಖಾಲಿ ಪ್ಲಾಸ್ಮಾಕ್ಕೆ 20 ಪಟ್ಟು ಸಾಂದ್ರ ದ್ರಾವಣ 10 ಮೈಕ್ರೋಲೀಟರ್. ಮಟ್ಟಗಳು ಮಿಲಿಲೀಟರಿಗೆ 50, 100, 250, 500, 1,000, 2,000, 3,000, 4,000 ನ್ಯಾನೋಗ್ರಾಂ. ಕ್ಯೂಸಿ (ಗುಣಮಟ್ಟ ನೋಡುವ ಸ್ಯಾಂಪಲ್) 50, 150, 1,500, 3,000. ಐಸಿಎಚ್ ಎಂ10 (ಔಷಧ ಅಳೆಯುವ ವಿಧಾನಗಳ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ಅಂಕಿಗಳು ±15% ಒಳಗಿರಬೇಕು, ಕೆಳಗಿನ ಮಿತಿಯಲ್ಲಿ ±20%. ಮ್ಯಾಟ್ರಿಕ್ಸ್ ಪರಿಣಾಮವನ್ನು (ಪ್ಲಾಸ್ಮಾದ ಉಳಿದ ಅಂಶಗಳು ಸಿಗ್ನಲ್ ಬದಲಿಸುವುದು) ಕನಿಷ್ಠ ಆರು ಬೇರೆ ಬೇರೆ ದಾನಿಗಳ ಪ್ಲಾಸ್ಮಾದಲ್ಲಿ ನೋಡಬೇಕು. ಆರೂ ಪ್ಲಾಸ್ಮಾಗಳಲ್ಲಿ 91ರ ದಿಬ್ಬ ಎಲ್ಲಿ ಮುಗಿಯಿತು ಎಂದು ಬರೆದಿಡುವುದನ್ನು ಇದಕ್ಕೆ ಸೇರಿಸಿಕೊಳ್ಳಿ. ಡಿ6 ಔಷಧದ ಜೊತೆಗೇ ಬರುವುದರಿಂದ ಅನುಪಾತ ಸರಿಯಾಗಿ ಕಾಣಬಹುದು, ಆದರೆ ಇಬ್ಬರೂ ಒಟ್ಟಿಗೆ ಮುಳುಗುತ್ತಿದ್ದರೆ ಕೆಳಗಿನ ಮಿತಿಯಲ್ಲಿ ಸಿಗ್ನಲ್ಲೇ ಉಳಿಯುವುದಿಲ್ಲ.

ಕರೆಂಟ್ ಹೇಳುವ ಮಾತು

ದೋಷ ಹುಡುಕಲು ಎಂಎಸ್ ಗೆರೆಗಿಂತ ಸಿಇಯ ಕರೆಂಟ್ ಗೆರೆ ಹೆಚ್ಚು ನಂಬಿಕಸ್ಥ. ಕರೆಂಟ್ ಒಮ್ಮೆಲೇ ಸೊನ್ನೆಗೆ ಬಿದ್ದರೆ ಕೊಳವೆಯಲ್ಲಿ ಗಾಳಿ, ಇಲ್ಲವೇ ಸುಟ್ಟ ತುದಿ ಮುರಿದಿದೆ. ತಾಳಹಾಕಿದಂತೆ ಏರಿಳಿದರೆ ಹೊದಿಕೆ ದ್ರವದ ಟ್ಯೂಬಿನಲ್ಲಿ ಗುಳ್ಳೆ. ನಿಧಾನಕ್ಕೆ ಇಳಿಯುತ್ತ ಹೋದರೆ ಒಳಬಾಯಿಯಲ್ಲಿ ಪ್ರೋಟೀನ್ ಕಟ್ಟುತ್ತಿದೆ. ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಸುಡಿ.

ಲೆಕ್ಕಕ್ಕಿಂತ ಹೆಚ್ಚು ಕರೆಂಟ್ ಬಂದರೆ ಮಳೆಗಾಲದ ಕೆಲಸ. ಧಾರವಾಡದ ಆಷಾಢ, ಶ್ರಾವಣದ ಜಿಟಿಜಿಟಿಯಲ್ಲಿ ತಣ್ಣನೆಯ ಕೊಳವೆ ಕ್ಯಾಸೆಟ್ಟಿನ ಮೇಲೆ ಬೆವರು ಕೂತು, ಹೈ ವೋಲ್ಟೇಜ್ ಎಲೆಕ್ಟ್ರೋಡಿನ ಬುಡದಿಂದ ಸೋರುತ್ತದೆ. ಪರೀಕ್ಷೆ ಸುಲಭ: ಕೊಳವೆ ತೆಗೆದು, ಬಾಗಿಲ ಇಂಟರ್‌ಲಾಕ್ ಹಾಕಿ 25 ಕಿಲೋವೋಲ್ಟ್ ಕೊಡಿ. ಸೊನ್ನೆಯ ಬದಲು ಮೈಕ್ರೋಆಂಪಿಯರ್ ತೋರಿಸಿದರೆ ಅದು ಸೋರಿಕೆ. ವೋಲ್ಟೇಜ್ ಬಂದ್ ಮಾಡಿ ಎಲೆಕ್ಟ್ರೋಡನ್ನು ನೀರು, ಆಮೇಲೆ ಮೆಥನಾಲಿನಿಂದ ಒರೆಸಿ ಒಣಗಿಸಿ. ಕೋಣೆಯ ತೇವ 60% ಮೀರದಂತೆ ಡಿಹ್ಯೂಮಿಡಿಫೈಯರ್ ಓಡಲಿ, ಕ್ಯಾಸೆಟ್ 25 °ಸೆ.ಗಿಂತ ಕೆಳಗೆ ಇಡಬೇಡಿ.

ಕರೆಂಟ್ ಹೋದಾಗ ಯುಪಿಎಸ್ ಮೇಲೆ ಎಂಎಸ್ ನಿಂತು, ಸಿಇ ಮಾತ್ರ ಬಂದ್ ಆಗುವಂತೆ ವೈರಿಂಗ್ ಇದ್ದರೆ ಅದನ್ನು ಮೊದಲು ಬದಲಿಸಿ. ಸಿಇ ಸತ್ತು ನೆಬ್ಯುಲೈಸರ್ ಬೀಸುತ್ತಲೇ ಇದ್ದರೆ ಕೊಳವೆ ಖಾಲಿಯಾಗುವವರೆಗೆ ಹೀರುತ್ತದೆ, ಒಳಗೆ ಪ್ಲಾಸ್ಮಾದ ಸಾರ ಒಣಗುತ್ತದೆ. ಎರಡೂ ಒಂದೇ ಯುಪಿಎಸ್ ಮೇಲೆ ಇರಲಿ.

ದಿನದ ಕೊನೆಗೆ ಫಾರ್ಮಿಕ್ ಆಮ್ಲ 5 ನಿಮಿಷ, ನೀರು 10 ನಿಮಿಷ, ಗಾಳಿ 10 ನಿಮಿಷ. ಗಾಳಿ ಹೊಡೆಯುವ ಮುಂಚೆ ಹೊದಿಕೆ ದ್ರವವನ್ನು ಆಮ್ಲವಿಲ್ಲದ ಮೆಥನಾಲ್–ನೀರಿಗೆ ಬದಲಿಸಿ ಅರ್ಧ ತಾಸು ಹರಿಸಿ, ಪಂಪ್ ನಿಲ್ಲಿಸಿ, ಸ್ಪ್ರೇ ಸೂಜಿಯನ್ನು ಎಂಎಸ್‌ನಿಂದ ಹೊರತೆಗೆದು ಕೊಳವೆಯ ತುದಿ ಎಲ್ಲಿಗೂ ತಾಗದಂತೆ ಅದರ ಸ್ಟ್ಯಾಂಡಿನಲ್ಲಿ ನೇತುಹಾಕಬೇಕು.